ಪದಚರ್ಚೆ: ಬಿಯರ್ ಲೇಬಲ್ಲಿನ ‘ಜ್ಯೂಸಿ’ಗೆ ಕನ್ನಡದಲ್ಲಿ ಏನು? (ತುರ್ತು)

ಬೆಳಿಗ್ಗೆ 9.40
ಗೆಳೆಯರೇ, ಬೆಂಗಳೂರಿನ ಚಿಕ್ಕ ಬಿಯರ್ ತಯಾರಕರೊಬ್ಬರ ಕ್ಯಾನಿಗೆ ಕನ್ನಡ ಬರಹ ಒದಗಿಸುವ ಕೆಲಸ ನನ್ನ ಪಾಲಿಗೆ ಬಂದಿದೆ. ರಾಜ್ಯದಲ್ಲಿ ತಯಾರಾಗಿ ಇಲ್ಲೇ ಮಾರಾಟವಾಗುವ ಸರಕಿನ ಹೆಸರು ಕನ್ನಡದಲ್ಲೂ ಇರಬೇಕೆಂದು 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆ ಹೇಳುತ್ತದೆ. ಹೆಸರಿನ ಜೊತೆಗೆ ರುಚಿಯ ಸಾಲೂ ಇರಲಿ ಎನ್ನುವುದು ಮಾಲೀಕರ ಆಸೆ. ಇದು ‘ಹೇಜಿ ಐಪಿಎ’ ಬಗೆಯದು, ಅಂದರೆ ಹಾಪ್ ಹೆಚ್ಚು ಹಾಕಿದ, ನೋಡಲು ಮಬ್ಬಾಗಿರುವ ಬಿಯರ್. ಹಾಪ್ ಎಂದರೆ ಬಿಯರಿಗೆ ಕಹಿ, ಘಮ ಕೊಡುವ ಬಳ್ಳಿಯ ಹೂವು. ಇಂಗ್ಲಿಷಿನಲ್ಲಿ ‘ಜ್ಯೂಸಿ, ಹಾಪಿ’ ಎಂದಿದೆ. ಲೇಬಲ್ ತುಂಬ ಹೆಚ್ಚಿಟ್ಟ ಮಾವಿನಹಣ್ಣಿನ ಚಿತ್ರ. ಪದಾರ್ಥಗಳ ಪಟ್ಟಿಯಲ್ಲಿ ನೀರು, ಬಾರ್ಲಿ ಮಾಲ್ಟ್, ಓಟ್ಸ್, ಹಾಪ್, ಯೀಸ್ಟ್ ಇವೆ; ಮಾವು ಇಲ್ಲ. ‘ರಸಭರಿತ’ ಎಂದು ಬರೆದುಬಿಡಲೇ? ನಾಳೆ ಮುದ್ರಣಕ್ಕೆ ಹೋಗಬೇಕು.

10.15
‘ರಸಭರಿತ’ ಬೇಡ. ಕುಡಿಯುವುದೆಲ್ಲ ರಸವೇ. ಹಾಪಿ ಎಂದರೆ ಕಹಿ. ಹಳಗನ್ನಡದ ‘ಕಯ್ಪೆ’ ಇದೆ, ತಮಿಳಿನ ‘ಕೈಪ್ಪು’ ಅದರ ಒಡಹುಟ್ಟು. ಹಾಪ್ ಬದಲು ‘ಕಹಿಬಳ್ಳಿ’ ಎಂದು ಬರೆಯಿರಿ. ಎರವಲು ತಂದದ್ದು ಸಾಕು.

10.32
ಕಹಿಬಳ್ಳಿ ಎಂದರೆ ನಮ್ಮ ಕಡೆಯವರು ಅಮೃತಬಳ್ಳಿ ಎಂದುಕೊಂಡು ಜ್ವರಕ್ಕೆ ಕುಡಿದಾರು. ಅಂದಹಾಗೆ, ತಾವು ಬರೆದ ‘ಬದಲು’ ಅರಬ್ಬಿಯದು.

10.50
‘ಒಗರು’ ಹಾಕಿ. ಕಹಿ ಎಂದರೆ ಯಾರೂ ಕೊಳ್ಳುವುದಿಲ್ಲ.

11.30
ಒಗರು ತಪ್ಪು. ಬಾಳೆಕಾಯಿ, ಎಳೆ ಅಡಿಕೆ, ನೇರಳೆ ತಿಂದಾಗ ನಾಲಗೆ ಬಿಗಿಯುತ್ತದಲ್ಲ, ಅದು ಒಗರು. ಹಾಪ್ ಹೂವನ್ನು ಕುದಿಸಿದಾಗ ಅದರ ಆಲ್ಫಾ ಆಮ್ಲಗಳು ಬೇರೆ ರೂಪ ತಳೆದು ಕೊಡುವುದು ಕಹಿಯನ್ನೇ. ಆದರೆ ಈ ಮಬ್ಬು ಬಗೆಯಲ್ಲಿ ಹಾಪ್‌ನ ಬಹುಪಾಲು ಬೀಳುವುದು ಕುದಿ ಮುಗಿದ ಮೇಲೆ. ಘಮ ಹೆಚ್ಚು, ಕಹಿ ಕಡಿಮೆ. ಆದ್ದರಿಂದ ಇಲ್ಲಿ ‘ಹಾಪಿ’ಯನ್ನು ಬರೀ ಕಹಿ ಎಂದರೂ ಸಲ್ಲದು.

ಕಳೆದ ತಿಂಗಳು ಇಂಥದ್ದೇ ಒಂದನ್ನು ಗಾಜಿನ ಲೋಟಕ್ಕೆ ಸುರಿದುಕೊಂಡು ನೋಡಿದೆ. ಬಣ್ಣ ಅರಿಸಿನ ಬೆರೆಸಿದ ಮಜ್ಜಿಗೆಯಂತಿತ್ತು. ಮೂಗಿಗೆ ಮಾವು ಬಂದದ್ದು ನಿಜ. ಆದರೆ ಹಣ್ಣಿನದಲ್ಲ, ಕಾಯಿಯ ತೊಟ್ಟು ಮುರಿದಾಗ ಚಿಮ್ಮುವ ಸೊನೆಯದು. ಅದು ನನ್ನ ಭ್ರಮೆಯೂ ಅಲ್ಲ, ಮಿರ್ಸೀನ್ ಎಂಬ ತೈಲಾಂಶ ಹಾಪ್ ಹೂವಿನಲ್ಲೂ ಇದೆ, ಮಾವಿನ ಸೊನೆಯಲ್ಲೂ ಇದೆ. ಗುಟುಕರಿಸಿದರೆ ಹಣ್ಣಿನ ಸಿಹಿ ಎಲ್ಲಿಯೂ ಇರಲಿಲ್ಲ. ಚಿತ್ರ ನಾಲಗೆಗೆ ಆಸೆ ಹುಟ್ಟಿಸುತ್ತದೆ, ಡಬ್ಬಿ ಮೂಗಿಗಷ್ಟೇ ಉಣಬಡಿಸುತ್ತದೆ. ‘ಜ್ಯೂಸಿ’ ಈ ಮೋಸಕ್ಕೆ ಕುಮ್ಮಕ್ಕು ಕೊಡುವ ಪದ. ‘ರಸಭರಿತ’ ಎಂದರೆ ಕನ್ನಡವೂ ಅದರಲ್ಲಿ ಪಾಲುದಾರ. ‘ಮಾವಿನ ಸೊನೆಯ ಘಮ, ಹಿತವಾದ ಕಹಿ’ ಎಂದು ಬರೆಯಿರಿ. ಹಾಪ್ ಹಾಪ್ ಆಗಿಯೇ ಇರಲಿ.

12.05
ಘಮ ಸರಿ. ಹಾಪ್ ಒಪ್ಪುವುದಿಲ್ಲ. ಮೆಣಸಿನಕಾಯಿಯೂ ಪೋರ್ಚುಗೀಸರ ಹಡಗಿನಲ್ಲೇ ಬಂತು. ನಮ್ಮವರು ಅವರ ಪದಕ್ಕೆ ಕೈಯೊಡ್ಡಲಿಲ್ಲ, ಇದ್ದ ಮೆಣಸಿಗೆ ಕಾಯಿ ಸೇರಿಸಿ ಮುಂದೆ ನಡೆದರು. ಇಂದಿನವರಿಗೆ ಆ ಎದೆಗಾರಿಕೆ ಇಲ್ಲ.

12.20
ಮೆಣಸಿನಕಾಯಿಯನ್ನು ಇಲ್ಲಿ ಬೆಳೆದರು, ಒಣಗಿಸಿದರು, ಅರೆದರು; ಹೆಸರು ತಾನಾಗಿ ಹುಟ್ಟಿತು. ಹಾಪ್ ಬಳ್ಳಿಯನ್ನು ಕಣ್ಣಾರೆ ಕಂಡವರು ನಮ್ಮಲ್ಲಿ ಎಷ್ಟು ಮಂದಿ? ಕಿಂಗ್‌ಫಿಷರ್ ಸೀಸೆಯ ಮೇಲೆ ಮಿಂಚುಳ್ಳಿಯ ಚಿತ್ರವೇ ಇದೆ. ಅಂಗಡಿಗೆ ಹೋಗಿ ‘ಒಂದು ಮಿಂಚುಳ್ಳಿ ಕೊಡಿ’ ಎಂದು ಕೇಳಿ, ಏನು ಸಿಗುತ್ತದೋ ನಮಗೂ ತಿಳಿಸಿ.

12.26
ಅಂಗಡಿಯವನಿಗೆ ಕನ್ನಡ ಬಾರದಿದ್ದರೆ ಅದು ಮಿಂಚುಳ್ಳಿಯ ತಪ್ಪಲ್ಲ.

ಸಂಜೆ 5.10
ಎಲ್ಲರಿಗೂ ವಂದನೆ. ಸಾಲನ್ನು ಮಾಲೀಕರಿಗೆ ಓದಿ ಹೇಳಿದೆ. ‘ಸೊನೆ ತಗುಲಿದರೆ ತುಟಿ ಹುಣ್ಣಾಗುತ್ತದಲ್ಲವೇ?’ ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ‘ಮಾವಿನ ಘಮ, ಹಿತವಾದ ಕಹಿ’ ಎಂದು ಮುದ್ರಣಕ್ಕೆ ಹೋಗುತ್ತಿದೆ. ಚಿತ್ರದಲ್ಲಿನ ಹಣ್ಣು ಹಾಗೆಯೇ ಉಳಿದಿದೆ, ಕಲಾವಿದರಿಗೆ ಆಗಲೇ ಹಣ ಸಂದಾಯವಾಗಿದೆಯಂತೆ.