ಎರೆಮಣ್ಣಿನ ಪಾತಿ, ಪಡುವಣ ಬಿಸಿಲು: ಬೇಸಿಗೆ ದಾಟಿದ ಗಿಡ ಮಳೆಗಾಲದಲ್ಲಿ ಸಾಯುತ್ತಿದೆ

ಪ್ರಶ್ನೆ (ಕಲಬುರಗಿ)
ಕಾಂಪೌಂಡ್ ಗೋಡೆಗೆ ತಾಗಿ 15 ಅಡಿ ಉದ್ದ, 3 ಅಡಿ ಅಗಲದ ಪಾತಿ. ಮಧ್ಯಾಹ್ನ 12ರಿಂದ ಹೊತ್ತು ಮುಳುಗುವ ತನಕ ನೆರಳಿಲ್ಲ. ಎರೆಮಣ್ಣು, ಬೇಸಿಗೆಯಲ್ಲಿ ಬೆರಳು ತೂರುವಷ್ಟು ಬಿರುಕು. ನಿತ್ಯಪುಷ್ಪ, ಅಡೇನಿಯಂ ಎರಡೂ ಮೇ ತಿಂಗಳು ದಾಟಿ ಆಗಸ್ಟ್‌ನಲ್ಲಿ ಬುಡ ಕಪ್ಪಾಗಿ ಬಿದ್ದವು. ದಾಸವಾಳದ ಚಿಗುರೆಲೆ ಹಳದಿ, ನರ ಮಾತ್ರ ಹಸಿರು. ಇನ್ನೂ ಹೆಚ್ಚು ಬರ ತಡೆಯುವ ಗಿಡ ಯಾವುದಿದೆ?

ಉತ್ತರ 1
ಬರ ತಡೆಯುವ ಗಿಡಗಳನ್ನೇ ಹಾಕಿದ್ದೀರಿ. ಅವು ಸತ್ತದ್ದು ನೀರು ನಿಂತು. ಎರೆಮಣ್ಣು ನೆನೆದರೆ ಉಬ್ಬಿ ಗಾಳಿಯ ಸಂದುಗಳನ್ನೆಲ್ಲ ಮುಚ್ಚಿಬಿಡುತ್ತದೆ. ಸತ್ತ ಗಿಡದ ಬೇರನ್ನು ಎರಡು ಬೆರಳ ನಡುವೆ ಹಿಡಿದು ಎಳೆದು ನೋಡಿ: ಕಂದು ಸಿಪ್ಪೆ ಕೈಗೆ ಕಳಚಿ ಬಂದು ಒಳಗಿನ ನಾರು ಮಾತ್ರ ಉಳಿದರೆ ಅದು ಬೇರು ಕೊಳೆ. ಮೇಲೆ ಗಿಡ ಬಾಡಿದಂತೆ ಕಾಣುವುದರಿಂದ ಮತ್ತಷ್ಟು ನೀರು ಹಾಕುತ್ತೇವೆ, ಕೊಳೆ ಬೇಗ ಮುಗಿಸುತ್ತದೆ.

ಮೊದಲು ಒಂದಡಿ ಆಳದ ಗುಂಡಿ ತೋಡಿ ನೀರು ತುಂಬಿಸಿ, ಇಂಗಿದ ಮೇಲೆ ಮತ್ತೆ ತುಂಬಿಸಿ ಅಳೆಯಿರಿ. ಗಂಟೆಗೆ ಒಂದು ಇಂಚೂ ಇಳಿಯದಿದ್ದರೆ ಗಿಡ ಬದಲಿಸಿ ಪ್ರಯೋಜನವಿಲ್ಲ, ಪಾತಿಯನ್ನೇ ಒಂದಡಿ ಎತ್ತರಿಸಬೇಕು. ನಿಮ್ಮ ಅಳತೆಗೆ ಹೆಚ್ಚೆಂದರೆ 45 ಘನ ಅಡಿ ಬೇಕು: ಕೆಮ್ಮಣ್ಣು 22, ಗರಸು 14, ಚೆನ್ನಾಗಿ ಕಳಿತ ಗೊಬ್ಬರ 9. ಎರೆಗೆ ನಾಲ್ಕು ಬುಟ್ಟಿ ಮರಳು ಬೆರೆಸಿ ಸರಿಹೋಯಿತು ಅಂದುಕೊಳ್ಳಬೇಡಿ, ಒಣಗಿದಾಗ ಇನ್ನಷ್ಟು ಗಟ್ಟಿಯಾಗುತ್ತದೆ. ಹೊಸ ಮಣ್ಣು ಗೋಡೆಗೆ ತಾಗದಂತೆ ನಡುವೆ ಅರ್ಧ ಅಡಿ ಬಿಡಿ. ಮಣ್ಣು ಜಾರದಂತೆ ಮುಂಬದಿಗೆ ಇಡುವ ಕಲ್ಲುಸಾಲಿನಲ್ಲಿ ಎರಡು ಮೂರು ಅಡಿಗೊಂದು ನೀರು ಹೋಗುವ ಸಂದು ಇರಲೇಬೇಕು.

ಉತ್ತರ 2
ದಾಸವಾಳದ್ದು ಬೇರೆ ಕಥೆ: ಕಬ್ಬಿಣದ ಕೊರತೆ. ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಸುಣ್ಣ ಹೆಚ್ಚಿದ್ದಾಗ ಬೇರಿಗೆ ಸಿಗುವುದಿಲ್ಲ. ಒಣಮಣ್ಣಿನ ಮೇಲೆ ವಿನೆಗರ್ ಹನಿಸಿ, ನೊರೆ ಬಂದರೆ ಸುಣ್ಣ ಖಚಿತ. ಗೋಡೆ ಪಕ್ಕದಲ್ಲಿ ಕಟ್ಟಡದ ಸಿಮೆಂಟ್ ಚೂರು ಹೂತಿರುವುದೂ ಉಂಟು, ಆರಿಸಿ ತೆಗೆಯಿರಿ. ತಾತ್ಕಾಲಿಕವಾಗಿ ಒಂದು ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್, 1 ಗ್ರಾಂ ಸಿಟ್ರಿಕ್ ಆಮ್ಲ ಕರಗಿಸಿ ಸಂಜೆ ಎಲೆಗೆ ಸಿಂಪಡಿಸಿ, 15 ದಿನ ಬಿಟ್ಟು ಇನ್ನೊಮ್ಮೆ. ಶಹಾಬಾದ್ ಕಲ್ಲಿನ ಮೇಲೆ ಬಿದ್ದರೆ ತುಕ್ಕಿನ ಕಲೆ ಹೋಗುವುದಿಲ್ಲ, ಗೋಣಿ ಹಾಸಿ. ಆದರೂ ಈ ಜಾಗಕ್ಕೆ ದಾಸವಾಳ, ಇಕ್ಸೋರಾ ಬೇಡವೆಂದೇ ನನ್ನ ಸಲಹೆ.

ಪ್ರಶ್ನೆ ಕೇಳಿದವರು
ಗುಂಡಿ ಪರೀಕ್ಷೆ ಮಾಡಿದೆ, ಗಂಟೆಗೆ ಕಾಲು ಇಂಚೂ ಇಳಿಯಲಿಲ್ಲ. ಎತ್ತರಿಸಿದ ಮೇಲೆ ಏನೇನು ಹಾಕಲಿ?

ಉತ್ತರ 1
ಹಿಂದೆ ಒಂದು ಬೋಗನ್‌ವಿಲ್ಲಾ, ಎರಡು ಕಣಗಿಲೆ, ಐದೈದು ಅಡಿ ಅಂತರ. ಬೋಗನ್‌ವಿಲ್ಲಾಕ್ಕೆ ಗೊಬ್ಬರ, ನೀರು ಹೆಚ್ಚಾದರೆ ಬರೀ ಎಲೆ. ಬೇರೂರಿದ ಮೇಲೆ ಎಲೆ ತುಸು ಜೋಲುವ ತನಕ ನೀರು ತಡೆಯಿರಿ. ನಡುವೆ ಆವರಿಕೆ ಮತ್ತು ಗೋರಂಟೆ. ಆವರಿಕೆ ನಮ್ಮ ಒಣನೆಲದ್ದೇ ಗಿಡ, ಆದರೆ ತಾಯಿಬೇರು ಕದಲಿಸಿದರೆ ಸೊರಗುತ್ತದೆ. ಬೀಜದ ಒಂದು ಬದಿಯನ್ನು ಉಜ್ಜುಕಾಗದಕ್ಕೆ ತಿಕ್ಕಿ, ರಾತ್ರಿ ನೆನೆಸಿ, ಪಾತಿಯಲ್ಲೇ ಬಿತ್ತಿ. ಅಂಚಿಗೆ ಲೋಳೆಸರ, ಟೇಬಲ್ ರೋಸ್. ನಿತ್ಯಪುಷ್ಪವನ್ನು ದಿಬ್ಬದ ಮೇಲ್ಭಾಗದಲ್ಲಿ ಇಟ್ಟು ನೋಡಬಹುದು. ಅಡೇನಿಯಂ ಕುಂಡದಲ್ಲೇ ಇರಲಿ, ಮಳೆ ಹಿಡಿದಾಗ ಸೂರಿನಡಿಗೆ ಸರಿಸಬಹುದು. ಲಂಟಾನಾ ಯಾರು ಪುಕ್ಕಟೆ ಕೊಟ್ಟರೂ ತರಬೇಡಿ. ಹಕ್ಕಿಗಳು ಬೀಜ ಹರಡಿ ಊರ ಸುತ್ತಲಿನ ಹುಲ್ಲುಗಾವಲು ಹಾಳಾಗುತ್ತದೆ.

ನೆಡುವುದು ಜೂನ್‌ನ ಮೊದಲ ಹದಮಳೆಗೆ. ಏಪ್ರಿಲ್‌ನಲ್ಲಿ ನೆಟ್ಟರೆ ಬೇರು ಇಳಿಯುವ ಮೊದಲೇ ಬಿಸಿಲು ಸುಡುತ್ತದೆ. ಮೊದಲ ವರ್ಷದ ಬೇಸಿಗೆಗೆ ವಾರಕ್ಕೊಮ್ಮೆ ಇಡೀ ಪಾತಿಗೆ ಸುಮಾರು 100 ಲೀಟರ್, ನಿಧಾನವಾಗಿ. ದಿನವೂ ಚಿಮುಕಿಸಿದರೆ ಬೇರು ಮೇಲೆಯೇ ಉಳಿಯುತ್ತದೆ.

ಉತ್ತರ 2
ಹೊದಿಕೆಗೆ ತೊಗರಿ ಹೊಟ್ಟು ಎರಡು ಇಂಚು ಸಾಕು, ಬುಡದಿಂದ ನಾಲ್ಕು ಬೆರಳು ದೂರ. ಗೆದ್ದಲು ಕಂಡರೆ ಹೊಟ್ಟು ತೆಗೆದು ಜಲ್ಲಿ ಕಡಿ ಹರಡಿ. ಲೋಳೆಸರದ ಸುತ್ತ ಮೊದಲಿಂದಲೇ ಜಲ್ಲಿ ಕಡಿ ಹಾಕಿ. ಇನ್ನೊಂದು ಮುಖ್ಯ ವಿಷಯ: ಕಣಗಿಲೆಯ ಎಲ್ಲ ಭಾಗವೂ ವಿಷ. ಕತ್ತರಿಸಿದ ಟೊಂಗೆಯನ್ನು ಆಡು, ದನ ಬಾಯಿ ಹಾಕುವ ಕಡೆ ಎಸೆಯಬೇಡಿ, ಸುಡಲೂ ಬೇಡಿ, ಹೊಗೆಯೂ ಕೆಟ್ಟದ್ದು. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಆ ಎರಡು ಜಾಗಕ್ಕೂ ಆವರಿಕೆಯನ್ನೇ ಬಿತ್ತಿ.