ತಮ್ಮನ ಮಗನಿಗೆ ನಿಜ ಹೇಳಬೇಕಾ?

ಪ್ರಶ್ನೆ (ಗದಗ)
ಹೋದ ಮುಂಗಾರಿನಲ್ಲಿ ನನ್ನ ತಮ್ಮ ತಾನೇ ಜೀವ ಕಳೆದುಕೊಂಡ. ರೋಣದ ಕಡೆ ನಮ್ಮ ಹೊಲ. ಹೆಸರು ಬೆಳೆ ಕೈಕೊಟ್ಟಿತ್ತು, ಸಾಲವೂ ಇತ್ತು. ಆದರೆ ಅದಕ್ಕೇ ಹೋದ ಅಂತ ನನಗೆ ಹೇಳಲಾಗುವುದಿಲ್ಲ. ಅವನ ಮಗನಿಗೆ ಒಂಬತ್ತು ವರ್ಷ. "ಅಪ್ಪನಿಗೆ ಎದೆನೋವು ಬಂತು" ಅಂತ ಹೇಳಿದ್ದೇವೆ. ಮೊನ್ನೆ ಶಾಲೆಯಲ್ಲಿ ಯಾವನೋ ಹುಡುಗ ಬೇರೆ ಏನೋ ಹೇಳಿದ್ದಾನೆ. ಮನೆಗೆ ಬಂದವನು ಏನೂ ಕೇಳಲಿಲ್ಲ. ಪಾಟಿಚೀಲ ಇಟ್ಟು ಅಪ್ಪನ ಬೈಕ್ ಒರೆಸುತ್ತಾ ಕೂತ. ನಮ್ಮವ್ವನ ಮುಂದೆ ತಮ್ಮನ ಸುದ್ದಿ ತೆಗೆದರೆ ಎದ್ದು ಹೋಗುತ್ತಾಳೆ. ಏನು ಮಾಡಲಿ?

ಉತ್ತರ (ಹಾವೇರಿ)
ಇಷ್ಟು ಬೇಗ ಬೇಡ ತಂಗಿ. ಹತ್ತನೇ ತರಗತಿ ಮುಗಿಸಲಿ, ತಾನೇ ತಿಳಿದುಕೊಳ್ಳುತ್ತಾನೆ.

ಉತ್ತರ (ಧಾರವಾಡ)
ಹಾವೇರಿಯ ಅಣ್ಣಾ, ಅವನಿಗೆ ಆಗಲೇ ತಿಳಿದಿದೆ. ಕೇಳಬಾರದು ಅನ್ನೋದೂ ತಿಳಿದಿದೆ.

ಅಕ್ಕಾ, ನನ್ನ ಗಂಡ ಹೋದಾಗ ಮಗಳಿಗೆ ಎಂಟು. ಮಾತಾಡಿಸಲು ಬಂದವರೆಲ್ಲ "ನಿಮಗೆ ಗೊತ್ತೇ ಆಗಲಿಲ್ವಾ?" ಅಂತ ನನ್ನನ್ನೇ ಕೇಳುತ್ತಿದ್ದರು. ಅವಳು ಬಾಗಿಲ ಹಿಂದೆ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಒಂದು ರಾತ್ರಿ ಹೇಳಿಬಿಟ್ಟೆ. "ಅಪ್ಪನ ಮನಸ್ಸಿಗೆ ಜಡ್ಡಾಗಿತ್ತು, ನೋವು ತಡೆಯಲಾಗದೆ ತಾನೇ ಜೀವ ತೆಗೆದುಕೊಂಡ." ಅವಳು ಅಳಲಿಲ್ಲ. "ಅವತ್ತು ನಾನು ಸೈಕಲ್‌ಗೆ ಹಟ ಮಾಡಿದ್ದಕ್ಕಾ?" ಅಂದಳು. ಅಷ್ಟು ದಿನ ಆ ಮಾತನ್ನು ಒಳಗೇ ಇಟ್ಟುಕೊಂಡಿತ್ತು ಕೂಸು!

ಮಕ್ಕಳು ತಪ್ಪನ್ನು ತಮ್ಮ ಮೇಲೇ ಹಾಕಿಕೊಳ್ಳುತ್ತಾರೆ. "ನಿನ್ನಿಂದ ಆಗಿದ್ದಲ್ಲ" ಅಂತ ಬಾಯಿಬಿಟ್ಟು ಹೇಳಬೇಕು, ಒಂದೇ ಸಲ ಅಲ್ಲ. ಹೇಗೆ ಸತ್ತ ಅನ್ನೋದನ್ನ ಬಿಡಿಸಿ ಹೇಳೋದು ಬೇಡ. ಕೇಳಿದ್ದಕ್ಕಷ್ಟೇ ಉತ್ತರ ಕೊಡಿ, ಸುಳ್ಳು ಮಾತ್ರ ಬೇಡ. "ದೇವರು ಕರೆದುಕೊಂಡ" ಅಂದರೆ ಇನ್ನೂ ಗೊಂದಲ.

ನಿಮಗೂ ಯಾರಾದರೂ ಬೇಕಲ್ವಾ? 14416ಕ್ಕೆ ಫೋನ್ ಮಾಡಿ, ಟೆಲಿ ಮಾನಸ್ ಅಂತಾರೆ, ಮನಸ್ಸಿನ ನೋವು ಹೇಳಿಕೊಳ್ಳೋಕೆ ಸರ್ಕಾರದ ಸಹಾಯವಾಣಿ. ದುಡ್ಡು ಕೊಡಬೇಕಿಲ್ಲ, ರಾತ್ರಿಯೂ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ನಾನು ಇಲ್ಲಿನ ಮಾನಸಿಕ ಆರೋಗ್ಯದ ಆಸ್ಪತ್ರೆ ಡಿಮ್ಹಾನ್ಸ್‌ಗೆ ಹೋಗಿದ್ದೆ. "ಹುಚ್ಚಾಸ್ಪತ್ರೆಗೆ ಹೋದಳು" ಅಂತ ಓಣಿಯಲ್ಲಿ ಮಾತಾಯಿತು. ಆಗಲಿ ಬಿಡಿ, ನನಗೆ ನಿದ್ದೆ ಬಂತು.

ಪ್ರಶ್ನೆ ಕೇಳಿದವರು
ತಮ್ಮನ ಹೆಂಡತಿಗೆ ಓದಿ ಹೇಳಿದೆ. ತಾನೇ ಹೇಳುತ್ತೇನೆ, ಪಕ್ಕದಲ್ಲಿ ನೀವಿರಿ ಅಂದಳು. ಅವ್ವ ಮಾತ್ರ ಇನ್ನೂ ಒಪ್ಪಿಲ್ಲ.

ಉತ್ತರ (ಧಾರವಾಡ)
ಅವ್ವ ಒಪ್ಪೋತನಕ ಕಾಯಬೇಡಿ ಅಕ್ಕಾ. ಆ ಹುಡುಗ ಮತ್ತೆ ಏನಾದರೂ ಅನ್ನೋದರೊಳಗೆ ಶಾಲೆಯ ಸರ್‌ಗೂ ಒಂದು ಮಾತು ಹೇಳಿಡಿ.