ಸ್ಯಾಂಪಲ್ ಲ್ಯಾಬಿಗೇ ಬರದಿದ್ದರೆ ಮಾತ್ರೆಯನ್ನು ನಂಬುವುದು ಹೇಗೆ?

ಪ್ರಶ್ನೆ: ನಮಸ್ಕಾರ ಸರ್. ನಾನು ಮಾತ್ರೆ ಕಾರ್ಖಾನೆಯೊಂದರ ಕ್ಯೂಸಿಯಲ್ಲಿ, ಅಂದರೆ ಗುಣಮಟ್ಟ ಪರೀಕ್ಷಿಸುವ ವಿಭಾಗದಲ್ಲಿ, ಎಂಟು ವರ್ಷದಿಂದ ಇದ್ದೇನೆ. ನಮ್ಮದು ಬ್ಯಾಚ್ ಪದ್ಧತಿ. ಬ್ಲೆಂಡರ್‌ನಿಂದ ಸ್ಯಾಂಪಲ್ ಬರುತ್ತದೆ, ಕರಗಿಸಿ ಔಷಧದ ಪ್ರಮಾಣ ಅಳೆಯುವ ಎಚ್‌ಪಿಎಲ್‌ಸಿ ಯಂತ್ರಕ್ಕೆ ಹಾಕುತ್ತೇವೆ, ರಿಸಲ್ಟ್ ಬರುವವರೆಗೆ ಎಲ್ಲರೂ ಕಾಯುತ್ತಾರೆ. ಈಗ ಕಂಟಿನ್ಯುಯಸ್ ಲೈನ್ ತರುವ ಮಾತು ನಡೆದಿದೆ. ಒಂದು ಕಡೆ ಪುಡಿ ಸುರಿದರೆ ಇನ್ನೊಂದು ಕಡೆ ಮಾತ್ರೆ ಉದುರುತ್ತದಂತೆ, ನಡುವೆ ಒಂದು ಪ್ರೋಬ್ ನೋಡಿ ಸರಿ ಅಂದರೆ ಸಾಕಂತೆ! ಕರಗಿಸದೆ ಅದಕ್ಕೆ ಹೇಗೆ ಗೊತ್ತಾಗುತ್ತದೆ? ತಪ್ಪು ಸಿಕ್ಕರೆ ಇಡೀ ದಿನದ ಮಾಲು ಬಿಸಾಡಬೇಕಾ?

ಉತ್ತರ: ಮೇಡಂ, ಅದು ಸಾಮಾನ್ಯವಾಗಿ ಎನ್‌ಐಆರ್ ಪ್ರೋಬ್, ಅಂದರೆ ಕಣ್ಣಿಗೆ ಕಾಣದ ನಿಯರ್ ಇನ್‌ಫ್ರಾರೆಡ್ ಬೆಳಕಿನಿಂದ ನೋಡುವ ಸಾಧನ. ಮಾತ್ರೆ ಒತ್ತುವ ಪ್ರೆಸ್‌ಗೆ ಪುಡಿ ತುಂಬಿಸುವ ಫೀಡ್ ಫ್ರೇಮ್‌ನಲ್ಲಿ ಕೂತು, ಹರಿಯುವ ಪುಡಿಯ ಮೇಲೆ ಬೆಳಕು ಬಿಟ್ಟು ವಾಪಸ್ ಬಂದದ್ದನ್ನು ಓದುತ್ತಲೇ ಇರುತ್ತದೆ. ಔಷಧ ಎಷ್ಟಿದೆ ಎಂದು ಹೇಳುವುದು ಮಾತ್ರ ಅದರ ಹಿಂದೆ ಕೆಲಸ ಮಾಡುವ ಲೆಕ್ಕದ ಮಾಡೆಲ್. ಔಷಧ ಕಡಿಮೆ, ಸರಿ, ಜಾಸ್ತಿ ಇರುವ ಮಿಶ್ರಣಗಳನ್ನು ಬೇಕೆಂದೇ ಮಾಡಿ ಆ ಮಾಡೆಲ್‌ಗೆ ಕಲಿಸಿರುತ್ತಾರೆ. ಕಲಿಸುವಾಗ ತಾಳೆ ನೋಡುವುದು ನಿಮ್ಮ ಎಚ್‌ಪಿಎಲ್‌ಸಿ ಜೊತೆಗೇ.

ನನ್ನನ್ನು ಕೇಳಿದರೆ ಪ್ರೋಬ್‌ಗಿಂತ ದೊಡ್ಡ ತಲೆನೋವು ಸ್ಕ್ರೂ ತಿರುಗಿಸಿ ಲೈನ್‌ಗೆ ಪುಡಿ ತಳ್ಳುವ ಫೀಡರ್. ಅದರ ತೂಕ ಎಷ್ಟು ಬೇಗ ಇಳಿಯುತ್ತಿದೆ ಎಂಬುದರಿಂದಲೇ ಪುಡಿ ಎಷ್ಟು ಹೋಗುತ್ತಿದೆ ಎಂದು ಲೆಕ್ಕ ಹಾಕುವುದು. ಮೇಲಿನಿಂದ ಹೊಸ ಪುಡಿ ತುಂಬುವಾಗ ತೂಕ ಏರುತ್ತದೆ, ಲೆಕ್ಕ ಕೆಡುತ್ತದೆ. ಅಷ್ಟು ಸೆಕೆಂಡು ಸ್ಕ್ರೂ ಅಂದಾಜಿನ ಮೇಲೆ ತಿರುಗುತ್ತದೆ. ಮೇಲೆ ಭಾರ ಬಿದ್ದು ಪುಡಿಯೂ ಒತ್ತಿಕೊಂಡಿರುತ್ತದೆ. ಔಷಧದ ಪ್ರಮಾಣ ಏರುಪೇರಾಗುವುದು ಹೆಚ್ಚಾಗಿ ಇಲ್ಲೇ.

ಹಾಗಂತ ಇಡೀ ದಿನದ ಮಾಲು ಬಿಸಾಡಬೇಕಿಲ್ಲ. ಒಟ್ಟಿಗೆ ಒಳಗೆ ಹೋದ ಪುಡಿ ಒಟ್ಟಿಗೇ ಹೊರಬರುವುದಿಲ್ಲ. ಜಾತ್ರೆಗೆ ಹೋದ ಮನೆಯವರ ಹಾಗೆ, ಕೆಲವರು ಮುಂದೆ, ಕೆಲವರು ಬಳೆ ಅಂಗಡಿ ಹತ್ತಿರ ನಿಂತು ಹಿಂದೆ. ಈ ಹರಡುವಿಕೆಯನ್ನು ಮೊದಲೇ ಅಳೆದಿಟ್ಟಿರುತ್ತಾರೆ. ಕೆಟ್ಟ ಪುಡಿಯ ತಲೆ, ಬಾಲ ಎರಡೂ ಸಿಗುವಷ್ಟು ಹೊತ್ತು ಮಾತ್ರೆಗಳನ್ನು ಪಕ್ಕದ ಡಬ್ಬಕ್ಕೆ ತಿರುಗಿಸುತ್ತಾರೆ. ಗಂಟೆಗೆ 20 ಕೆಜಿ, ಮಾತ್ರೆಗೆ 500 ಮಿಲಿಗ್ರಾಂ ಅಂದುಕೊಳ್ಳಿ. ಮೂರು ನಿಮಿಷ ತಿರುಗಿಸಿದರೆ ಹೋಗುವುದು ಒಂದು ಕೆಜಿ, ಅಂದರೆ 2,000 ಮಾತ್ರೆ.

ಇದು ಪ್ರಯೋಗದ ಹಂತ ಎಂದೋ ದಾಟಿದೆ. ಪೋರ್ಟೊ ರಿಕೊದ ಗುರಾಬೊದಲ್ಲಿ ಎಚ್‌ಐವಿ ಮಾತ್ರೆ ಪ್ರೆಜಿಸ್ಟಾವನ್ನು ಬ್ಯಾಚ್‌ನಿಂದ ಕಂಟಿನ್ಯುಯಸ್‌ಗೆ ಬದಲಾಯಿಸಲು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2016ರಲ್ಲೇ ಒಪ್ಪಿತು.

ಪ್ರಶ್ನೆ: ಹಾಗಾದರೆ ಬ್ಯಾಚ್ ನಂಬರ್ ಯಾವುದಕ್ಕೆ ಕೊಡುವುದು ಸರ್? ನಮ್ಮ ಕೆಲಸ ಏನು ಉಳಿಯುತ್ತದೆ?

ಉತ್ತರ: ಕಂಟಿನ್ಯುಯಸ್ ತಯಾರಿಕೆಗೆಂದೇ 2022ರಲ್ಲಿ ಅಂತಿಮವಾದ ಅಂತರರಾಷ್ಟ್ರೀಯ ಮಾರ್ಗಸೂಚಿ ಐಸಿಎಚ್ ಕ್ಯೂ13 ಓದಿ. ಒಳಗೆ ಹೋದ ಮಾಲು, ಹೊರಬಂದ ಮಾಲು, ಇಲ್ಲವೇ ಗೊತ್ತಾದ ವೇಗದಲ್ಲಿ ಲೈನ್ ಓಡಿದ ಸಮಯ, ಇದರಲ್ಲಿ ಯಾವುದರಿಂದ ಬೇಕಾದರೂ ಬ್ಯಾಚ್ ಗುರುತಿಸಬಹುದು.

ಕೆಲಸವಂತೂ ಬೇಕಾದಷ್ಟಿದೆ. ಔಷಧದ ಜೊತೆ ಬೆರೆಸುವ ಸೆಲ್ಯುಲೋಸ್ ಪುಡಿ ಎಂಸಿಸಿಯ ಹೊಸ ಲಾಟ್ ಬಂತು, ಅದರಲ್ಲಿ ತೇವ ಸ್ವಲ್ಪ ಜಾಸ್ತಿ ಎಂದುಕೊಳ್ಳಿ. ಪ್ರೋಬ್‌ನ ಬೆಳಕಿನಲ್ಲಿ ನೀರು 1940 ನ್ಯಾನೊಮೀಟರ್ ತರಂಗಾಂತರದ ಹತ್ತಿರ ಜೋರಾಗಿ ಕಾಣಿಸುತ್ತದೆ. ಇಂಥದ್ದನ್ನು ಕಲಿಸಿರದಿದ್ದರೆ ಮಾಡೆಲ್ ಸುಮ್ನೆ ತಪ್ಪು ಪ್ರಮಾಣ ಹೇಳಬಹುದು. ಅದನ್ನು ಹಿಡಿಯಲು ಪುಡಿಯ ಸ್ವಭಾವ ಬಲ್ಲ ಕೆಮಿಸ್ಟೇ ಬೇಕು, ಅಲ್ವಾ?

ಇನ್ನೊಬ್ಬರು: ನಾವು ಏಮಾರಿದ ಕಥೆ ಕೇಳಿ. ಗ್ರಾಫ್ ಅರ್ಧ ಗಂಟೆ ಗೆರೆ ಎಳೆದ ಹಾಗೆ ಬಂತು. ಎಲ್ಲರಿಗೂ ಖುಷಿ. ಆಮೇಲೆ ನೋಡಿದರೆ ಪ್ರೋಬ್‌ನ ಗಾಜಿಗೆ ಪುಡಿ ಅಂಟಿಕೊಂಡಿತ್ತು. ಅದನ್ನೇ ಮತ್ತೆ ಮತ್ತೆ ಓದುತ್ತಿತ್ತು!

ಉತ್ತರ: ಹೌದು ಸರ್, ಇದು ಎಲ್ಲ ಕಡೆ ಆಗುವುದೇ. ಮೇಡಂ, ಗ್ರಾಫ್ ತೀರಾ ನೆಟ್ಟಗೆ ಬಂದರೆ ಮೊದಲು ಗಾಜು ನೋಡಿ.